'ಅಂತೆ'ಯನ್ನು ಕ್ಯಾಮೆರಾ ಹೇಗೆ ಹೇಳುತ್ತದೆ?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿಗಳಿಗೆ ಸಾಹಿತ್ಯ ಪಾಠ ಮಾಡುತ್ತೇನೆ. ಈ ವರ್ಷ 'ಸಾಹಿತ್ಯ ಮತ್ತು ಸಿನಿಮಾ' ಪತ್ರಿಕೆ ನನ್ನ ಪಾಲಿಗೆ ಬಂದಿದೆ. ಕಾದಂಬರಿ ಓದಿಸಿ, ಅದರ ಸಿನಿಮಾ ತೋರಿಸಿ, ಹೋಲಿಸಿ ಬರೆಯಿರಿ ಅಂದರೆ ಎಲ್ಲರದ್ದೂ ಒಂದೇ ಉತ್ತರ: ಈ ಪಾತ್ರ ಬಿಟ್ಟಿದ್ದಾರೆ, ಆ ಕೊನೆ ಬದಲಾಗಿದೆ, ಕಾದಂಬರಿಯೇ ಚೆನ್ನಾಗಿತ್ತು. ಶೈಲಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಬರಹದ ಶೈಲಿ ಸಿನಿಮಾಕ್ಕೆ ಬಂದಾಗ ಏನಾಗುತ್ತದೆ ಎಂದು ಕಲಿಸುವುದು ಹೇಗೆ? ನನಗೇ ಕ್ಯಾಮೆರಾ ಕೆಲಸ ಗೊತ್ತಿಲ್ಲ ಎಂಬುದು ಇನ್ನೊಂದು ಚಿಂತೆ.

ಉತ್ತರ: ಮುನ್ನೂರು ಪುಟದ ಕಾದಂಬರಿಯನ್ನೂ ಎರಡು ಗಂಟೆಯ ಸಿನಿಮಾವನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗೇ ಆದರೂ ಕಾಣುವುದು ಕತೆ ಮಾತ್ರ. ಏನು ಉಳಿಯಿತು, ಏನು ಹೋಯಿತು ಎಂದು ಎಣಿಸುತ್ತಾ ಕೂರುತ್ತೇವೆ. ಶೈಲಿ ಇರುವುದು ವಾಕ್ಯದಲ್ಲಿ. ಹಾಗಾಗಿ ಕಾದಂಬರಿಯನ್ನು ಬದಿಗಿಡಿ. ಸಿನಿಮಾವನ್ನೂ ಮೊದಲ ಎರಡು ವಾರ ತೋರಿಸಬೇಡಿ. ಐದಾರು ವಾಕ್ಯದ ಒಂದು ಪ್ಯಾರಾ ಸಾಕು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಈ ಪಾಠ ಶುರು ಮಾಡಿದಾಗ ನಾನು ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದೆ. ಚಿಕ್ಕ ವಾಕ್ಯ ಅಂದರೆ ಬೇಗ ಬೇಗ ಕಟ್ (ಒಂದು ಶಾಟ್ ಮುರಿದು ಇನ್ನೊಂದಕ್ಕೆ ಹೋಗುವುದು). ಉದ್ದ ವಾಕ್ಯ ಅಂದರೆ ಉದ್ದ ಶಾಟ್ (ಕಟ್ ಇಲ್ಲದೆ ಬಹಳ ಹೊತ್ತು ಓಡುವುದು). ವರ್ಣನೆ ಅಂದರೆ ಲಾಂಗ್ ಶಾಟ್ (ದೂರದಿಂದ ತೆಗೆದದ್ದು). 'ನಾನು' ಎಂಬ ನಿರೂಪಣೆ ಅಂದರೆ ವಾಯ್ಸ್ ಓವರ್ (ಚಿತ್ರದ ಮೇಲೆ ಕೇಳಿಸುವ ನಿರೂಪಕನ ದನಿ). ವಿದ್ಯಾರ್ಥಿಗಳಿಗೆ ಖುಷಿಯೋ ಖುಷಿ. ನೀಟಾಗಿ ಬರೆದುಕೊಂಡರು, ಪರೀಕ್ಷೆಯಲ್ಲಿ ನೀಟಾಗಿ ಬರೆದರು. ಆಮೇಲೆ ಅದೇ ಪಟ್ಟಿ ಹಿಡಿದು ಫೋನಿನಲ್ಲಿ ಶೂಟ್ ಮಾಡಿಕೊಂಡು ಬಂದರು. ಸಾವಿನ ದೃಶ್ಯ ಹೊಡೆದಾಟದ ದೃಶ್ಯದ ಹಾಗೆ ಕಂಡಿತು. ಅವತ್ತೇ ಆ ಪಟ್ಟಿ ಬಿಟ್ಟೆ.

ಅವರು ಶೂಟ್ ಮಾಡಿದ ಪ್ಯಾರಾ ಹೆಚ್ಚುಕಡಿಮೆ ಹೀಗಿತ್ತು. ತರಗತಿಗೆಂದು ನಾನೇ ಬರೆದದ್ದು:

"ಬೀರು ತೆರೆದ. ಅಪ್ಪನ ಅಂಗಿ. ಮುಟ್ಟಲಿಲ್ಲ. ಬೀರು ಮುಚ್ಚಿದ."

ನಾಲ್ಕು ಪುಟ್ಟ ವಾಕ್ಯ. ಪಟ್ಟಿಯ ಪ್ರಕಾರ ನಾಲ್ಕು ಶಾಟ್. ಕೈ, ಅಂಗಿ, ಮುಖ, ಬಾಗಿಲು. ಒಂದೊಂದು ಸೆಕೆಂಡ್. ಜೋಡಿಸಿದರೆ ಜಾಹೀರಾತಿನ ಹಾಗೆ ಚುರುಕಾಗಿ ಓಡುತ್ತದೆ. ಆದರೆ ಪ್ಯಾರಾ ಓಡುತ್ತಿದೆಯೇ? ಜೋರಾಗಿ ಓದಿಸಿ ನೋಡಿ. ಪ್ರತಿ ಪೂರ್ಣವಿರಾಮದ ಬಳಿ ಓದುವವರು ತಾವಾಗಿಯೇ ನಿಲ್ಲುತ್ತಾರೆ. 'ಮುಟ್ಟಲಿಲ್ಲ' ಆದ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತಾರೆ. ವಾಕ್ಯ ಚಿಕ್ಕದು, ಆದರೆ ನಡುವಿನ ಮೌನ ದೊಡ್ಡದು. ಹೇಳಲಾಗದೆ ಬಾಯಿ ಮುಚ್ಚಿಕೊಂಡವನ ಶೈಲಿ ಇದು.

ಈಗ ವಿದ್ಯಾರ್ಥಿಗಳನ್ನು ಕೇಳಿ: ಈ ಮೌನವನ್ನು ನೋಡುಗರಿಗೆ ಹೇಗೆ ಕೊಡುತ್ತೀರಿ? ಸಾಮಾನ್ಯವಾಗಿ ಯಾರೋ ಒಬ್ಬರು ಇಲ್ಲಿಗೆ ಬಂದು ಮುಟ್ಟುತ್ತಾರೆ: ಕ್ಯಾಮೆರಾವನ್ನು ಅವನ ಹಿಂದೆ, ಸ್ವಲ್ಪ ದೂರ ಇಡೋಣ. ಅಲ್ಲಾಡಿಸುವುದು ಬೇಡ. ಅವನು ಬೀರು ತೆರೆಯುತ್ತಾನೆ. ಬೆನ್ನು ಮಾತ್ರ ಕಾಣುತ್ತದೆ. ಇಪ್ಪತ್ತು ಸೆಕೆಂಡ್ ಏನೂ ಆಗುವುದಿಲ್ಲ. ಬೀರು ಮುಚ್ಚುತ್ತಾನೆ. ಒಂದೂ ಕಟ್ ಇಲ್ಲ. ನಾಲ್ಕು ತುಂಡು ವಾಕ್ಯಗಳು ಒಂದೇ ಉದ್ದ ಶಾಟ್ ಆದವು. ಪಟ್ಟಿಗೆ ನೇರ ಉಲ್ಟಾ.

ನಾನು ಕಲಿಸುವುದು ಇದೊಂದನ್ನೇ. 'ಈ ವಾಕ್ಯಕ್ಕೆ ಯಾವ ಶಾಟ್' ಎಂದು ಕೇಳುವ ಮೊದಲು 'ಈ ವಾಕ್ಯ ನನಗೇನು ಮಾಡಿತು' ಎಂದು ಕೇಳಿಕೊಳ್ಳಬೇಕು. ನಿಲ್ಲಿಸಿತೇ, ಓಡಿಸಿತೇ, ದೂರ ಇಟ್ಟಿತೇ, ಒಳಗೆ ಎಳೆದುಕೊಂಡಿತೇ? ಅದೇ ಕೆಲಸವನ್ನು ನೋಡುಗರಿಗೆ ಮಾಡುವ ದಾರಿ ಹುಡುಕಬೇಕು. ಆ ದಾರಿ ಪ್ರತಿ ಸಲ ಬೇರೆ. ನಡುವಿನ ಈ ಹೆಜ್ಜೆ ಹಾರಿಸಿದರೆ ಪಟ್ಟಿಯೇ ಗತಿ.

ಆ ಪ್ಯಾರಾದಲ್ಲಿ ಇನ್ನೂ ಒಂದು ಕಷ್ಟವಿದೆ. ಎರಡನೇ ವಾಕ್ಯದ ಮೊದಲ ಪದ: 'ಅಪ್ಪನ'. ಬರೆಯುವವನಿಗೆ ಮೂರು ಅಕ್ಷರದ ಕೆಲಸ. ಕ್ಯಾಮೆರಾಗೆ ಅಂಗಿ ಕಾಣುತ್ತದೆ, 'ಅಪ್ಪನ' ಕಾಣುವುದಿಲ್ಲ. ಮೊದಲು ಬರುವ ಸಲಹೆ ಗೋಡೆ ಮೇಲಿನ ಫೋಟೋ, ಫೋಟೋದಲ್ಲಿ ಅದೇ ಅಂಗಿ. ಬೈಯಬೇಡಿ, ಬರಲಿ. ಆಮೇಲೆ ಕೇಳಿ: ಇಷ್ಟು ಕಡಿಮೆ ಮಾತಾಡುವ ಪ್ಯಾರಾ ಹೀಗೆ ಬೆರಳು ಮಾಡಿ ತೋರಿಸುತ್ತದಾ? ಆಗ ಅಂಗಿ ಅವನ ಅಳತೆಗಿಂತ ದೊಡ್ಡದಿರಲಿ ಅನ್ನುತ್ತಾರೆ. ಜೇಬಿನಲ್ಲಿ ಕನ್ನಡಕದ ಪೆಟ್ಟಿಗೆ ಇರಲಿ ಅನ್ನುತ್ತಾರೆ. ಒಬ್ಬಳು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಇಲ್ಲಿ ಹೇಳೋದೇ ಬೇಡ ಸರ್. ಹತ್ತು ನಿಮಿಷ ಆದ ಮೇಲೆ ಇನ್ಯಾರೋ ಹೇಳಲಿ. ಆಗ ಈ ಬೀರು ನೆನಪಾಗುತ್ತೆ." ಒಂದು ಪದವನ್ನು ದೃಶ್ಯದಿಂದ ದೃಶ್ಯಕ್ಕೆ ದಾಟಿಸಬಹುದು ಎಂದು ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ತೋರಿಸಿ. ಬರಹ ಹೇಳದೆ ಬಿಟ್ಟದ್ದನ್ನು ಕ್ಯಾಮೆರಾ ಬಿಡುವ ಹಾಗಿಲ್ಲ. 'ಅಂಗಿ' ಎಂದು ಬರೆದು ಸುಮ್ಮನಿರಬಹುದು. ಕ್ಯಾಮೆರಾ ಇಟ್ಟ ತಕ್ಷಣ ಬಣ್ಣ ಬಂತು, ಬಟ್ಟೆ ಬಂತು, ಸುಕ್ಕು ಬಂತು, ಪಕ್ಕದಲ್ಲಿ ತೂಗುವ ಇನ್ನೊಂದು ಅಂಗಿಯೂ ಬಂತು. ಕಡಿಮೆ ಹೇಳುವ ಬರಹಗಾರನನ್ನು ಸಿನಿಮಾಕ್ಕೆ ತರುವುದು ಕಷ್ಟವಾಗುವುದು ಇದಕ್ಕೇ. ಬಿಡುವುದಕ್ಕೆ ಅವನಿಗೆ ಪೆನ್ನು ಎತ್ತಿದರೆ ಸಾಕು. ಸಿನಿಮಾದವರು ಅದಕ್ಕಾಗಿ ಕತ್ತಲು ಮಾಡಬೇಕು, ಫೋಕಸ್ ತಪ್ಪಿಸಬೇಕು, ಫ್ರೇಮಿನಿಂದ ಹೊರಗಿಡಬೇಕು, ಇಲ್ಲವೇ ಬೆನ್ನು ಅಡ್ಡ ನಿಲ್ಲಿಸಬೇಕು.

ಎರಡನೇ ತರಗತಿಗೆ ಅದೇ ಬೀರು, ಬೇರೆ ಶೈಲಿ:

"ಬೀರು ತೆರೆದರೆ ಅಪ್ಪನ ವಾಸನೆ ಬಂತು, ಅಥವಾ ಬಂದ ಹಾಗೆ ಅನಿಸಿತು, ಯಾಕೆಂದರೆ ಅಪ್ಪ ಹೋಗಿ ಆಗಲೇ ಎಂಟು ತಿಂಗಳಾಗಿತ್ತು, ಆದರೂ ಆ ನೀಲಿ ಅಂಗಿ, ರಿಸಲ್ಟ್ ದಿನ ತೊಟ್ಟುಕೊಂಡು ಶಾಲೆಯ ಗೇಟಿನ ಹೊರಗೆ ನಿಂತಿದ್ದ ಅದೇ ಅಂಗಿ, ಒಳಗೆ ಬರಲು ಸಂಕೋಚಪಡುತ್ತಾ ಕೆಮ್ಮುತ್ತಿದ್ದ ಅಪ್ಪನನ್ನು ಇನ್ನೂ ಒಳಗಿಟ್ಟುಕೊಂಡ ಹಾಗೆ ತೂಗಾಡುತ್ತಿತ್ತು."

ಇಲ್ಲಿ ಉಸಿರು ತೆಗೆದುಕೊಳ್ಳಲು ಜಾಗವಿಲ್ಲ. ಬೀರುವಿನಿಂದ ಶಾಲೆಯ ಗೇಟಿಗೆ ಹೋಗಿ ಮತ್ತೆ ಬೀರುವಿಗೆ ಬಂದದ್ದು ಒಂದೇ ವಾಕ್ಯದೊಳಗೆ. ವಿದ್ಯಾರ್ಥಿಗಳು ತಕ್ಷಣ 'ಫ್ಲ್ಯಾಶ್‌ಬ್ಯಾಕ್' ಅನ್ನುತ್ತಾರೆ. ಮಾಡಲಿ. ಗೇಟು, ಅಪ್ಪ, ನೀಲಿ ಅಂಗಿ, ಮತ್ತೆ ಕಟ್ ಮಾಡಿ ಬೀರು. ಆಮೇಲೆ ವಾಕ್ಯವನ್ನು ತೋರಿಸಿ. ಅಲ್ಲಿ ನೆನಪಿಗೂ ಈಗಿನ ಕ್ಷಣಕ್ಕೂ ನಡುವೆ ಇರುವುದು ಬರೀ ಅಲ್ಪವಿರಾಮ. ನೀವು ಹಾಕಿದ್ದು ಪೂರ್ಣವಿರಾಮ. ಅಲ್ಪವಿರಾಮದಂಥ ಕಟ್ ಯಾವುದು?

ಉತ್ತರ ಬಹುತೇಕ ಸದ್ದಿನಲ್ಲಿ ಸಿಗುತ್ತದೆ. ನಮ್ಮ ಸಾಹಿತ್ಯದ ಮೇಷ್ಟ್ರುಗಳು ಸಿನಿಮಾ ಅಂದರೆ ಚಿತ್ರ ಎಂದುಕೊಂಡು ಸದ್ದನ್ನು ಮರೆತೇಬಿಡುತ್ತಾರೆ. ಅವನು ಬೀರು ತೆರೆದು ನಿಂತಿದ್ದಾನೆ. ಹ್ಯಾಂಗರ್ ಕಂಬಿಗೆ ತಾಗಿ ಸಣ್ಣಗೆ ಕಿರುಗುಟ್ಟುತ್ತಿದೆ. ಅದರ ಅಡಿಯಿಂದಲೇ ಮಕ್ಕಳ ಗಲಾಟೆ ಮೆಲ್ಲಗೆ ಏರುತ್ತದೆ. ಆ ಗಲಾಟೆಯ ನಡುವೆ ಒಂದು ಕೆಮ್ಮು. ಗೇಟನ್ನು ತೋರಿಸಲೇ ಇಲ್ಲ, ಆದರೂ ನಾವು ಹೋಗಿ ಬಂದೆವು. ವಾಸನೆಯ ಮಾತನ್ನೂ ಇಲ್ಲೇ ಎತ್ತಿ. ಸಿನಿಮಾಕ್ಕೆ ಮೂಗಿಲ್ಲ. ಅವನು ಮೂಗರಳಿಸಿದರೆ ನಗು ಬರುತ್ತದೆ. ಉಸಿರೆಳೆದುಕೊಂಡು ಬಿಡದೆ ನಿಂತರೆ ಸಾಕು, ಉಳಿದದ್ದನ್ನು ನೋಡುಗರು ತುಂಬಿಕೊಳ್ಳುತ್ತಾರೆ.

ಮೂರನೇ ಶೈಲಿ ಕೊಂಚ ತುಂಟತನದ್ದು:

"ಬೀರು ತೆರೆದ. ಇನ್ನೂ ಇಸ್ತ್ರಿ ಮಾಡಿಯೇ ಇಟ್ಟಿದ್ದಾರಲ್ಲ! ಯಾರು ಹಾಕಿಕೊಳ್ಳಬೇಕಂತೆ ಇದನ್ನೆಲ್ಲ?"

ಎರಡನೇ ವಾಕ್ಯ ಯಾರದ್ದು? ಉದ್ಧರಣ ಚಿಹ್ನೆ ಇಲ್ಲ, 'ಅಂದುಕೊಂಡ' ಎಂದೂ ಇಲ್ಲ. ಕತೆ ಹೇಳುವವನ ಬಾಯಲ್ಲಿ ಪಾತ್ರದ ಮಾತು ಬಂದುಬಿಟ್ಟಿದೆ. ಇದಕ್ಕೆ ವಿದ್ಯಾರ್ಥಿಗಳು ಎರಡು ಸುಲಭದ ದಾರಿ ಹಿಡಿಯುತ್ತಾರೆ. ಒಂದು, ವಾಯ್ಸ್ ಓವರ್. ಎರಡು, ಕ್ಯಾಮೆರಾವನ್ನೇ ಅವನ ಕಣ್ಣು ಮಾಡುವುದು.

ಎರಡನೆಯದನ್ನು ಇಡೀ ಸಿನಿಮಾದುದ್ದಕ್ಕೂ ಮಾಡಿ ನೋಡಿದವರಿದ್ದಾರೆ. ರೇಮಂಡ್ ಚಾಂಡ್ಲರ್‌ನ ಪತ್ತೇದಾರಿ ಕಾದಂಬರಿಯೊಂದರಲ್ಲಿ ಪತ್ತೇದಾರನೇ 'ನಾನು' ಎಂದು ಕತೆ ಹೇಳುತ್ತಾನೆ. 1947ರಲ್ಲಿ ರಾಬರ್ಟ್ ಮಾಂಟ್ಗೊಮೆರಿ ಅದನ್ನು 'ಲೇಡಿ ಇನ್ ದ ಲೇಕ್' ಎಂದು ಸಿನಿಮಾ ಮಾಡಿದಾಗ ಹೆಚ್ಚುಕಡಿಮೆ ಪೂರ್ತಿ ಪತ್ತೇದಾರನ ಕಣ್ಣಿನಿಂದಲೇ ತೆಗೆದ. ಅವನ ಮುಖ ಕಾಣುವುದು ಕನ್ನಡಿಯಲ್ಲಿ, ಮತ್ತೆ ನೇರವಾಗಿ ನಮ್ಮ ಜೊತೆ ಮಾತಾಡುವ ಕೆಲವು ಕಡೆ ಮಾತ್ರ. ಉಳಿದವರೆಲ್ಲ ಲೆನ್ಸಿಗೆ ಮಾತಾಡುತ್ತಾರೆ, ಲೆನ್ಸಿಗೆ ಹೊಡೆಯುತ್ತಾರೆ. ಐದು ನಿಮಿಷ ಮಜಾ ಇರುತ್ತದೆ. ಆಮೇಲೆ ನಾವು ಆ ಮನುಷ್ಯನಿಂದ ದೂರವೇ ಆಗುತ್ತೇವೆ. ಬರಹದ 'ನಾನು' ನಮಗೆ ಅವನ ಮನಸ್ಸು ಕೊಡುತ್ತದೆ. ಕ್ಯಾಮೆರಾದ 'ನಾನು' ಕೊಡುವುದು ಕಣ್ಣನ್ನು ಮಾತ್ರ. ಒಬ್ಬನ ಒಳಗೆ ಹೋಗಬೇಕಾದರೆ ನಮಗೆ ಅವನ ಮುಖ ಬೇಕು.

ಯಾಕೆ ಅನ್ನುವುದಕ್ಕೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು 100 ವರ್ಷದ ಹಿಂದೆ ಮಾಡಿದ ಪ್ರಯೋಗ ಹೇಳಿ. ಒಬ್ಬ ನಟನ ಭಾವವಿಲ್ಲದ ಅದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ನೋಡಿದವರಿಗೆ ಮೊದಲನೆಯದರಲ್ಲಿ ಹಸಿವು, ಎರಡನೆಯದರಲ್ಲಿ ದುಃಖ ಕಂಡಿತು. ಮುಖ, ನೋಡಿದ ವಸ್ತು, ಮತ್ತೆ ಮುಖ: ಇಷ್ಟಿದ್ದರೆ ಮನಸ್ಸನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಫೋನಿನಲ್ಲಿ ಇದನ್ನು ಒಂದು ಪೀರಿಯಡ್‌ನಲ್ಲಿ ಮಾಡಿಸಬಹುದು, ಮಾಡಿಸಿ. ನಮ್ಮ ಇಸ್ತ್ರಿ ಅಂಗಿಗೂ ಅದೇ ದಾರಿ. ಅವನ ಮುಖ. ಮಡಿಕೆ ಮುರಿಯದ ಅಂಗಿಗಳ ಸಾಲು, ಅವನಿಗೆ ಅನಿಸಿದಷ್ಟೇ ಉದ್ದವಾಗಿ, ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ಉದ್ದವಾಗಿ. ಮತ್ತೆ ಮುಖ. ಚಿತ್ರದಲ್ಲಿ ಅವನೂ ಇದ್ದಾನೆ, ಅವನ ಸಿಡುಕೂ ಇದೆ. ಎರಡು ದನಿ ಬೆರೆತವು.

ವಾಯ್ಸ್ ಓವರ್ ಕೆಟ್ಟದ್ದೇನಲ್ಲ. ಆದರೆ ಕೈಗೆ ಸಿಕ್ಕರೆ ಮಕ್ಕಳು ಇನ್ನೇನನ್ನೂ ಯೋಚಿಸುವುದಿಲ್ಲ. ಮೊದಲ ಎರಡು ಅಭ್ಯಾಸಕ್ಕೆ ನಾನು ಅದನ್ನು ಬಂದ್ ಮಾಡುತ್ತೇನೆ. ಆಮೇಲೆ ಬಿಡುತ್ತೇನೆ, ಒಂದು ಷರತ್ತಿನ ಮೇಲೆ: ಚಿತ್ರ ಹೇಳುತ್ತಿರುವುದನ್ನು ದನಿ ಹೇಳಕೂಡದು.

ರೂಪಕಗಳ ಬಗ್ಗೆ ಜಾಸ್ತಿ ಹೊತ್ತು ಕಳೆಯಬೇಡಿ. 'ಅವನ ಮನಸ್ಸು ಖಾಲಿ ಕೊಡದಂತಿತ್ತು' ಎಂದಿದ್ದರೆ ಯಾರೋ ಒಬ್ಬರು ಖಾಲಿ ಕೊಡ ತೋರಿಸಿಯೇ ತೀರುತ್ತಾರೆ. ಒಮ್ಮೆ ಎಲ್ಲರೂ ನಕ್ಕರೆ ಪಾಠ ಮುಗಿಯಿತು.

ಅದಕ್ಕಿಂತ ಕನ್ನಡದ ಕ್ರಿಯಾಪದದ ಮೇಲೆ ಹೊತ್ತು ಕಳೆಯಿರಿ. ಅನುವಾದದ ಸಿನಿಮಾ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ನಿಮ್ಮ ತರಗತಿಗೆ ಇದೇ ಬಂಡವಾಳ. 'ಎದ್ದು, ಕಿಟಕಿ ತೆಗೆದು, ಹೊರಗೆ ಇಣುಕಿ, ಮತ್ತೆ ಮಲಗಿದ' ಎಂದು ಬರೆಯಿರಿ. ಕೆಳಗೆ 'ಎದ್ದ. ಕಿಟಕಿ ತೆಗೆದ. ಹೊರಗೆ ಇಣುಕಿದ. ಮತ್ತೆ ಮಲಗಿದ' ಎಂದು ಬರೆಯಿರಿ. ಘಟನೆ ಒಂದೇ. ಮೊದಲನೆಯದರಲ್ಲಿ ಎಲ್ಲವೂ 'ಮಲಗಿದ' ಕಡೆಗೆ ಜಾರುತ್ತವೆ, ಕಿಟಕಿಗೆ ತೂಕವಿಲ್ಲ. ಎರಡನೆಯದರಲ್ಲಿ ಪ್ರತಿಯೊಂದೂ ತನ್ನ ಕಾಲ ಮೇಲೆ ನಿಂತಿದೆ. ಹೊರಗೆ ಏನೋ ಇರಬೇಕು ಎಂದು ಅನುಮಾನ ಬರುತ್ತದೆ. ಮೊದಲನೆಯದನ್ನು ಒಂದೇ ಶಾಟ್‌ನಲ್ಲಿ, ಎರಡನೆಯದನ್ನು ನಾಲ್ಕು ಶಾಟ್‌ನಲ್ಲಿ ತೆಗೆಯೋಣ ಎಂದು ತರಗತಿ ಹೇಳುತ್ತದೆ. ಇಲ್ಲಿ ಪಟ್ಟಿ ಸರಿಹೋಯಿತು ಅಲ್ವಾ ಎಂದು ಕೇಳುವ ಜಾಣರಿರುತ್ತಾರೆ. ಹೌದು, ಹೋಯಿತು. ಕೆಲವೊಮ್ಮೆ ಹೋಗುತ್ತದೆ, ಅದಕ್ಕೇ ಅದು ಅಪಾಯ.

ಇನ್ನು 'ಅವಳು ಸಂಜೆ ಹೊತ್ತು ಗೇಟಿನ ಬಳಿ ನಿಲ್ಲುತ್ತಿದ್ದಳು' ಎಂಬ ವಾಕ್ಯ. 'ತ್ತಿದ್ದಳು' ಒಳಗೆ ಎಷ್ಟು ವರ್ಷ ಅಡಗಿವೆ! ಕ್ಯಾಮೆರಾ ತೋರಿಸುವುದು ಒಂದು ಸಂಜೆ ಮಾತ್ರ. ದಿನಾ ಆಗುವುದನ್ನು ಅದು ಹೇಗೆ ಹೇಳಬೇಕು? ಒಂದೇ ಫ್ರೇಮನ್ನು ಮೂರು ಸಲ ಇಟ್ಟು ಸೀರೆ, ಬೆಳಕು ಬದಲಿಸಬಹುದು. ಇಲ್ಲವೇ ಒಂದೇ ಸಂಜೆ ತೋರಿಸಿ, ಅವಳ ಕೈ ಇಟ್ಟ ಜಾಗದಲ್ಲಿ ಗೇಟಿನ ಬಣ್ಣ ಸವೆದಿರುವುದನ್ನು ತೋರಿಸಬಹುದು. 1941ರ 'ಸಿಟಿಜನ್ ಕೇನ್'ನಲ್ಲಿ ಗಂಡ ಹೆಂಡತಿ ತಿಂಡಿ ಮೇಜಿಗೆ ಕೂತ ದೃಶ್ಯಗಳ ಒಂದು ಸರಣಿ ಇದೆ. ಮೊದಲಿಗೆ ಹತ್ತಿರ ಕೂತು ಪ್ರೀತಿಯಿಂದ ಮಾತಾಡುತ್ತಾರೆ. ಬಟ್ಟೆ ಬದಲಾಗುತ್ತದೆ, ಮಾತು ಗಡುಸಾಗುತ್ತದೆ. ಕೊನೆಗೆ ಮಾತಿಲ್ಲ, ಪತ್ರಿಕೆಯ ಮಾಲೀಕನ ಹೆಂಡತಿ ಎದುರಾಳಿ ಪತ್ರಿಕೆ ಹಿಡಿದು ಕೂತಿರುತ್ತಾಳೆ. ಕೆಲವೇ ನಿಮಿಷದಲ್ಲಿ ಒಂದು ಮದುವೆ ಮುಗಿಯುತ್ತದೆ. 'ವರ್ಷ ಕಳೆದಂತೆ ಅವರು ದೂರವಾಗುತ್ತಾ ಹೋದರು' ಎಂಬ ವಾಕ್ಯವನ್ನು ಬೋರ್ಡಿನ ಮೇಲೆ ಬರೆದಿಟ್ಟು ಆ ತುಣುಕು ತೋರಿಸಿ.

ಈಗ ನನಗೆ ತುಂಬ ಇಷ್ಟವಾದದ್ದು, 'ಅಂತೆ'. 'ಅವನು ರಾತ್ರಿಯೇ ಊರು ಬಿಟ್ಟನಂತೆ.' ಹೇಳುವವನು ನೋಡಿಲ್ಲ, ಜವಾಬ್ದಾರಿಯನ್ನೂ ಹೊರುವುದಿಲ್ಲ. ಎರಡಕ್ಷರದಲ್ಲಿ ಇಡೀ ಊರಿನ ಬಾಯಿ ಇದೆ. ಈ ವಾಕ್ಯಕ್ಕೆ ಶಾಟ್ ಬರೆಯಿರಿ ಅಂದರೆ ಎಲ್ಲರೂ ಕತ್ತಲಲ್ಲಿ ಬ್ಯಾಗು ಹಿಡಿದು ಹೋಗುವವನನ್ನು ಬರೆಯುತ್ತಾರೆ. ಮುಗಿಯಿತು, 'ಅಂತೆ' ಸತ್ತಿತು. ಪರದೆ ಮೇಲೆ ಕಂಡದ್ದನ್ನು ನೋಡುಗರು ನಂಬುತ್ತಾರೆ.

ಇಲ್ಲಿ ಎರಡು ಸಿನಿಮಾಗಳನ್ನು ಜೊತೆಗಿಟ್ಟು ಹೇಳಿ. ಎರಡೂ 1950ರವು. ಹಿಚ್‌ಕಾಕ್‌ನ 'ಸ್ಟೇಜ್ ಫ್ರೈಟ್' ಶುರುವಿನಲ್ಲೇ ಒಬ್ಬ ನಡೆದದ್ದನ್ನು ಹೇಳುತ್ತಾನೆ, ನಾವು ಅದನ್ನು ಕಣ್ಣಾರೆ ನೋಡುತ್ತೇವೆ. ಅದು ಸುಳ್ಳು ಎಂದು ಗೊತ್ತಾಗುವುದು ಕೊನೆಗೆ. ತಮಗೆ ಮೋಸವಾಯಿತು ಎಂದು ಜನ ಸಿಟ್ಟಾದರು. ತಾನು ಹಾಗೆ ಮಾಡಬಾರದಿತ್ತು ಎಂದು ಹಿಚ್‌ಕಾಕ್ ಕೂಡ ಆಮೇಲೆ ಒಪ್ಪಿಕೊಂಡ. ಇನ್ನೊಂದು ಜಪಾನಿನ ನಿರ್ದೇಶಕ ಕುರೊಸಾವನ 'ರಾಶೋಮೊನ್'. ಅದರ ಮುಖ್ಯ ಕತೆ ಅಲ್ಲಿನದೇ ಕತೆಗಾರ ಅಕುತಗಾವ 1922ರಲ್ಲಿ ಬರೆದ ಸಣ್ಣಕತೆ. ಅದರಲ್ಲಿ ಕತೆಗಾರನ ಮಾತೇ ಇಲ್ಲ, ಬರೀ ಹೇಳಿಕೆಗಳು. ಸಿನಿಮಾದಲ್ಲಿ ಒಂದೇ ಘಟನೆ ನಾಲ್ಕು ರೀತಿ ಕಾಣುತ್ತದೆ, ಒಂದಕ್ಕೊಂದು ತಾಳೆಯಾಗುವುದಿಲ್ಲ. ಇಲ್ಲಿ ಯಾರಿಗೂ ಮೋಸ ಹೋದೆ ಅನಿಸುವುದಿಲ್ಲ. ಒಂದೇ ಚಿತ್ರ ಇದ್ದರೆ ಅದು ಸಾಕ್ಷಿ. ಪಕ್ಕದಲ್ಲಿ ಇನ್ನೊಂದು ಇಟ್ಟರೆ ಎರಡೂ 'ಅಂತೆ' ಆಗುತ್ತವೆ. ನನ್ನ ತರಗತಿಯಲ್ಲಿ ಬಂದ ಸರಳ ಉತ್ತರವೂ ಚೆನ್ನಾಗಿತ್ತು: ಅವನನ್ನು ತೋರಿಸುವುದೇ ಬೇಡ, ಬೀಗ ಹಾಕಿದ ಬಾಗಿಲು ತೋರಿಸಿ, ಬಾಗಿಲ ಮುಂದೆ ಪಿಸುಗುಟ್ಟುವ ಮೂವರನ್ನು ತೋರಿಸಿ.

ಕ್ಯಾಮೆರಾ ಗೊತ್ತಿಲ್ಲ ಎಂಬ ಚಿಂತೆ ಬಿಡಿ. ಎಷ್ಟು ದೂರ, ಎಷ್ಟು ಎತ್ತರ, ಎಷ್ಟು ಹೊತ್ತು, ಎಲ್ಲಿ ಕಟ್, ಯಾವುದು ಫೋಕಸ್‌ನಲ್ಲಿ, ಯಾವ ಸದ್ದು: ಈ ಆರು ಪ್ರಶ್ನೆ ಕೇಳಲು ಬಂದರೆ ಸಾಕು. ಲೆನ್ಸಿನ ನಂಬರ್ ನಿಮ್ಮ ವಿದ್ಯಾರ್ಥಿಗಳೇ ನಿಮಗೆ ಹೇಳಿಕೊಡುತ್ತಾರೆ. ಅಷ್ಟಕ್ಕೂ ಸಿನಿಮಾ ಕಾದಂಬರಿಯಿಂದಲೇ ಬಹಳಷ್ಟು ಕಲಿತಿದೆ. ಅಮೆರಿಕದ ಮೂಕಿಚಿತ್ರಗಳ ನಿರ್ದೇಶಕ ಗ್ರಿಫಿತ್‌ನ ಎಡಿಟಿಂಗ್‌ನ ಬೇರು ಡಿಕನ್ಸ್‌ನಲ್ಲಿದೆ ಎಂದು ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ 1944ರಲ್ಲಿ ಒಂದು ಉದ್ದ ಪ್ರಬಂಧವನ್ನೇ ಬರೆದ. ಡಿಕನ್ಸ್‌ನ ಕತೆಯೊಂದು ಕುದಿಯುವ ಕೆಟಲ್‌ನಿಂದ ಶುರುವಾಗುತ್ತದೆ. ಅದು ಕ್ಲೋಸಪ್ ಅಲ್ಲದೆ ಇನ್ನೇನು ಎಂಬುದು ಐಸೆನ್‌ಸ್ಟೈನ್‌ನ ವಾದ. ಸಾಹಿತ್ಯ ಓದಿದವರು ಈ ಪಾಠಕ್ಕೆ ಅತಿಥಿಗಳಲ್ಲ.

ತರಗತಿ ನಡೆಸುವ ರೀತಿ ಹೇಳಬೇಕೆಂದರೆ, ಮೊದಲು ಪ್ಯಾರಾವನ್ನು ಮೂರು ಜನರಿಂದ ಜೋರಾಗಿ ಓದಿಸಿ, ಎಲ್ಲಿ ನಿಂತರು ಎಂದು ಉಳಿದವರು ಗುರುತು ಹಾಕಲಿ. ಆಮೇಲೆ ಹಾಳೆಯ ಮೇಲೆ ಆರು ಚೌಕ. ಕಡ್ಡಿ ಮನುಷ್ಯರ ಚಿತ್ರ ಸಾಕು. ಪ್ರತಿ ಚೌಕದ ಕೆಳಗೆ ಎರಡು ಸಾಲು: ಈ ಶಾಟ್ ಯಾಕೆ, ಪ್ಯಾರಾದ ಯಾವ ಪದಕ್ಕೆ. ಅಂಕ ಕೊಡುವುದು ಈ ಎರಡು ಸಾಲಿಗೆ ಮಾತ್ರ. ಚಿತ್ರಕ್ಕೆ ಅಂಕ ಕೊಟ್ಟರೆ ಒಳ್ಳೆ ಫೋನ್ ಇರುವವರು ಗೆಲ್ಲುತ್ತಾರೆ. ಶೂಟಿಂಗ್ ಕೊನೆಗೆ, ಅದೂ ಮೂರೇ ಶಾಟ್.

ಉಲ್ಟಾ ಅಭ್ಯಾಸವನ್ನು ಮಾತ್ರ ಬಿಡಬೇಡಿ. ನನ್ನ ಅನುಭವದಲ್ಲಿ ಅದೇ ಜಾಸ್ತಿ ಕಲಿಸುತ್ತದೆ. ಒಂದು ನಿಮಿಷದ ತುಣುಕನ್ನು ಸದ್ದಿಲ್ಲದೆ ಎರಡು ಸಲ ತೋರಿಸಿ, ಅದನ್ನು ಒಂದು ಪ್ಯಾರಾ ಆಗಿ ಬರೆಯಲು ಹೇಳಿ. 'ಅವಳು ದುಃಖದಿಂದ ಕುಳಿತಿದ್ದಳು' ಎಂದು ಬರೆದವರನ್ನು ಕೇಳಿ: ದುಃಖ ಎಲ್ಲಿ ಕಂಡಿತು? ಅವರು ತುಣುಕಿಗೆ ವಾಪಸ್ ಹೋಗಿ ಹುಡುಕುತ್ತಾರೆ. ಬೆಳಕು ಕಿಟಕಿಯಿಂದ ಅವಳ ಅರ್ಧ ಮುಖಕ್ಕೆ ಮಾತ್ರ ಬೀಳುತ್ತಿತ್ತು, ಕ್ಯಾಮೆರಾ ಅವಳಿಗಿಂತ ಎತ್ತರದಲ್ಲಿತ್ತು, ಶಾಟ್ ಬೇಕಾದ್ದಕ್ಕಿಂತ ಉದ್ದವಿತ್ತು. ಆಮೇಲೆ 'ದುಃಖ' ಎಂಬ ಪದವಿಲ್ಲದೆ ಬರೆಯಲು ಹೇಳಿ. ಅವತ್ತು ಬರುವ ವಾಕ್ಯಗಳು ನಿಮಗೇ ಆಶ್ಚರ್ಯ ತರಿಸುತ್ತವೆ.

ಪೂರ್ತಿ ಕಾದಂಬರಿ, ಪೂರ್ತಿ ಸಿನಿಮಾ ಸಿಲಬಸ್‌ನಲ್ಲಿ ಇದ್ದೇ ಇರುತ್ತದಲ್ಲ, ಅದನ್ನು ಸೆಮಿಸ್ಟರ್ ಕೊನೆಗೆ ಇಟ್ಟುಕೊಳ್ಳಿ. ಕಾದಂಬರಿಯ ಮೊದಲ ಎರಡು ಪುಟಕ್ಕೆ ವಿದ್ಯಾರ್ಥಿಗಳೇ ಶಾಟ್ ಡಿವಿಷನ್ (ಯಾವ ಶಾಟ್ ಆದ ಮೇಲೆ ಯಾವುದು ಎಂಬ ಪಟ್ಟಿ) ಬರೆದು ಕೊಟ್ಟ ಮೇಲೆ ಸಿನಿಮಾದ ಮೊದಲ ಹತ್ತು ನಿಮಿಷ ತೋರಿಸಿ. ಆಗ ಅವರು ನಿರ್ದೇಶಕನ ಜೊತೆ ಜಗಳಕ್ಕೆ ನಿಲ್ಲುತ್ತಾರೆ: ಇಲ್ಲಿ ಯಾಕೆ ಕಟ್ ಮಾಡಿದ, ನಾನಾಗಿದ್ದರೆ ಮಾಡುತ್ತಿರಲಿಲ್ಲ. ರಿಮೋಟ್ ನಿಮ್ಮ ಕೈಯಲ್ಲೇ ಇರಲಿ. 'ಇನ್ನೂ ಸ್ವಲ್ಪ ಹಾಕಿ' ಎಂದು ಗೋಗರೆಯುತ್ತಾರೆ. ಹಾಕಬೇಡಿ. ಹತ್ತು ನಿಮಿಷ ದಾಟಿದರೆ ಮತ್ತೆ ಕತೆಯೊಳಗೆ ಹೋಗಿಬಿಡುತ್ತಾರೆ.